ಮಳೆಗಾಲದ ಜನರೇಟರ್: ಎಷ್ಟು ಕೆವಿಎ ಅನ್ನೋಕ್ಕಿಂತ ಮುಂಚೆ ಚೇಂಜ್ ಓವರ್ ಸ್ವಿಚ್ ಎಲ್ಲಿ ಅಂತ ಕೇಳಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಮೃಗಶಿರ ಮಳೆ ಹಿಡ್ಕೊಂಡ ಕೂಡ್ಲೇ ನಮ್ಮ ಮಲೆನಾಡು ಕಡೆ ಪೇಪರಲ್ಲಿ ಒಂದೇ ತರ ಸುದ್ದಿ ಬರೋಕೆ ಶುರು ಆಗುತ್ತೆ, ಲೈನ್ ಮೇಲೆ ಮರ ಬಿತ್ತು, ಕಂಬ ಮುರೀತು, ಇಂತಿಂಥ ಊರಲ್ಲಿ ಕರೆಂಟಿಲ್ಲ ಅಂತ. ಬರ್ಲಿ, ಬರ್ಲೇಬೇಕು. ಆದ್ರೆ ಆ ಸುದ್ದಿಯ ಹಿಂದೇನೇ ಇನ್ನೊಂದು ನಡೀತಿದೆ, ಅದನ್ನ ಯಾರೂ ಬರೀತಿಲ್ಲ. ಮನೆಮನೆಗೆ ಜನರೇಟರ್ ಬರ್ತಿದೆ. ತಗೊಳ್ಳೋರು ಪಾಪ ಕಷ್ಟಕ್ಕೆ ತಗೋತಾರೆ, ಅದರಲ್ಲಿ ತಪ್ಪೇನೂ ಇಲ್ಲ, ಆದ್ರೆ ಎಂತದ್ದು ತಗೋಬೇಕು, ತಂದ ಮೇಲೆ ಮನೆ ವೈರಿಂಗಿಗೆ ಹೆಂಗೆ ಸೇರಿಸ್ಬೇಕು, ಲೈನ್ ಕರೆಂಟು ಜನರೇಟರ್ ಕರೆಂಟು ಎರಡೂ ಒಟ್ಟಿಗೆ ಸೇರದ ಹಾಗೆ ತಡೆಯೋ ಚೇಂಜ್ ಓವರ್ ಸ್ವಿಚ್ ಯಾಕೆ ಬೇಕು ಅಂತ ಹೇಳೋರು ಯಾರೂ ಇಲ್ಲ. ಮಾರೋನು ದೊಡ್ಡದು ತೋರಿಸ್ತಾನೆ, ಬೆಂಗಳೂರಲ್ಲಿರೋ ಮಗ ಇನ್ನೂ ದೊಡ್ಡದು ತಗೊಳ್ಳಿ ಅಂತಾನೆ, ಕೊನೆಗೆ ವೈರ್ ಎಳೆಯೋನು ಪಕ್ಕದ ಮನೆ ಹುಡುಗ.

ನಂದು ಸಾಗರ ತಾಲ್ಲೂಕು, ತೋಟದ ಜತೆ ಪೇಟೇಲಿ ಒಂದು ಮೋಟಾರ್ ವೈಂಡಿಂಗ್ ಅಂಗಡಿ ಇದೆ. ಸುಟ್ಟ ಪಂಪು, ಸುಟ್ಟ ಜನರೇಟರ್ ಎರಡೂ ನನ್ನ ಬೆಂಚಿಗೇ ಬರೋದು. ಬಿಚ್ಚಿ ನೋಡಿದ್ರೆ ಯಾಕೆ ಸುಟ್ಟಿದೆ ಅಂತ ಗೊತ್ತಾಗುತ್ತೆ, ಅದ್ರಿಂದ ನಾಲ್ಕು ಮಾತು ಬರೆಯೋಣ ಅಂತ.

ಮೊದಲು ಒಂದು ಮಾತು ಹೇಳ್ಬಿಡ್ತೀನಿ, ಹೊಟ್ಟೆ ಉರಿಯೋದು. ಜೋಗದಲ್ಲಿ 1948ರಿಂದ ಕರೆಂಟು ತಯಾರಾಗ್ತಿದೆ, ಲಿಂಗನಮಕ್ಕಿ ಡ್ಯಾಮಿಗೆ ಊರೂರೇ ಮುಳುಗಿ ನಮ್ಮ ಜನ ಎದ್ದು ಬಂದಿದ್ದಾರೆ, ಶರಾವತಿ ನೀರಲ್ಲಿ ರಾಜ್ಯವೇ ಬೆಳಗಿದೆ, ಅದೇ ಹಿನ್ನೀರಿನ ದಂಡೆಯಲ್ಲಿರೋ ಮನೆಯೋರು ಈಗ ಪೆಟ್ರೋಲ್ ಸುಟ್ಟು ಬಲ್ಬ್ ಹಚ್ಕೋಬೇಕು. 2023ರ ಆಗಸ್ಟಿಂದ ಗೃಹಜ್ಯೋತಿ ಬಂತು, ಬಿಲ್ ಸೊನ್ನೆ ಬರುತ್ತೆ, ಸಂತೋಷನೇ. ಆದ್ರೆ ಆರಿದ್ರೆ ಪುನರ್ವಸು ಮಳೇಲಿ ಲೈನಲ್ಲೇ ಕರೆಂಟಿಲ್ಲ ಅಂದ್ರೆ ಆ ಸೊನ್ನೆ ಬಿಲ್ಲಿಂದ ಎಂತ ಬಂತು ಮಾರಾಯ್ರೆ. ಕಾಡೊಳಗೆ, ಸೊಪ್ಪಿನಬೆಟ್ಟದೊಳಗೆ ಹಾದು ಬರೋ 11 ಕೆವಿ, ಅಂದ್ರೆ 11 ಸಾವಿರ ವೋಲ್ಟಿನ ಲೈನು, ಒಂದು ಕೊಂಬೆ ಮುರಿದ್ರೆ ಹತ್ತು ಊರು ಕತ್ತಲು, ಜಂಗಲ್ ಕಟಿಂಗ್ ಅಂತ ಬೇಸಿಗೇಲಿ ಒಂದು ಸಲ ಕಡಿದು ಹೋಗ್ತಾರೆ, ಎರಡು ಮಳೆಗೆ ಮತ್ತೆ ಚಿಗುರುತ್ತೆ. ಇದು ಇವತ್ತು ನಾಳೆ ಸರಿ ಹೋಗೋದಲ್ಲ ಬಿಡಿ. ಹಂಗಾಗಿ ಜನರೇಟರ್ ತಗೊಳ್ಳೋರನ್ನ ಯಾಕೆ ತಗೊಂಡ್ರಿ ಅಂತ ಕೇಳೋ ಹಾಗಿಲ್ಲ.

ನಮ್ಮ ಕಡೆ ಈಗ ಎಷ್ಟೋ ಮನೇಲಿ ಇರೋದು ಅಪ್ಪ ಅಮ್ಮ ಇಬ್ರೇ. ಮಕ್ಕಳು ಬೆಂಗಳೂರು, ಪುಣೆ, ಅಮೆರಿಕ. ಮಳೆ ಜೋರಾಗಿ ಟವರ್ ಬ್ಯಾಟರಿ ಮುಗಿದು ಫೋನ್ ಸಿಗದೆ ಹೋದ್ರೆ ಅವರಿಗೆ ಅಲ್ಲಿ ಗಾಬರಿ, ಆ ಗಾಬರೀಲಿ ಆನ್‌ಲೈನಲ್ಲಿ ನೋಡಿ ಐದು ಕೆವಿಎದ್ದು (ಕೆವಿಎ ಅಂದ್ರೆ ಜನರೇಟರ್ ಎಷ್ಟು ಲೋಡ್ ಹೊರುತ್ತೆ ಅನ್ನೋ ಅಳತೆ) ಆರ್ಡರ್ ಮಾಡ್ತಾರೆ. ಲಾರಿಯೋನು ಅದನ್ನ ರಸ್ತೆ ಬದಿ ಇಳಿಸಿ ಹೋಗ್ತಾನೆ, ಎಂಬತ್ತು ತೊಂಬತ್ತು ಕೆಜಿ ಭಾರ, ಮನೆಗೆ ಸಾಗಿಸೋಕೆ ಆಳಿಲ್ಲ. ಎಳೆದು ಸ್ಟಾರ್ಟ್ ಮಾಡೋ ಹಗ್ಗ ಇರುತ್ತಲ್ಲ, ಎಪ್ಪತ್ತು ವರ್ಷದೋರು ಅದನ್ನ ಎಳೆದ್ರೆ ಭುಜ ಹೋಗುತ್ತೆ ಅಷ್ಟೇ, ಇಂಜಿನ್ ಸ್ಟಾರ್ಟ್ ಆಗಲ್ಲ. ವಯಸ್ಸಾದೋರು ಇರೋ ಮನೆಗಾದ್ರೆ ಮೊದಲು ನೋಡ್ಬೇಕಾಗಿದ್ದು ಕೆವಿಎ ಅಲ್ಲ, ಸೆಲ್ಫ್ ಸ್ಟಾರ್ಟ್ ಇದೆಯಾ, ಚಕ್ರ ಇದೆಯಾ, ಹತ್ತಿರದ ಪೇಟೇಲಿ ಅದನ್ನ ರಿಪೇರಿ ಮಾಡೋನು ಇದಾನಾ, ಕಾರ್ಬೊರೇಟರ್ ಜೆಟ್ಟು, ಗ್ಯಾಸ್ಕೆಟ್ಟು ಸಿಗುತ್ತಾ, ಇಷ್ಟು.

ಈಗ ಕೆವಿಎ ವಿಷ್ಯಕ್ಕೆ ಬರೋಣ. ಒಂದು ಚೀಟಿ ತಗೊಂಡು ಮನೇಲಿ ಕರೆಂಟ್ ಹೋದಾಗ ನಿಜವಾಗ್ಲೂ ಬೇಕಾಗಿದ್ದು ಎಂತ ಅಂತ ಬರೀರಿ. ಎಲ್‌ಇಡಿ ಬಲ್ಬ್ ಒಂದಕ್ಕೆ 9 ವ್ಯಾಟ್, ಎಂಟು ಹಚ್ಚಿದ್ರೂ ನೂರು ಮುಟ್ಟಲ್ಲ. ಫ್ರಿಜ್ ಓಡುವಾಗ 150ರ ಆಸುಪಾಸು, ಟೀವಿ ಒಂದು 80, ವೈಫೈ ಬಾಕ್ಸ್ 15 ಒಳಗೆ, ಫೋನು ಲ್ಯಾಪ್‌ಟಾಪು ಸೇರಿ ನೂರು. ಮಳೆಗಾಲದಲ್ಲಿ ಫ್ಯಾನ್ ಯಾರಿಗೆ ಬೇಕು, ಕಂಬಳಿ ಹೊದ್ದು ಮಲಗ್ತೀವಿ. ಸ್ನಾನಕ್ಕೆ ಬಚ್ಚಲೊಲೆ ಹಂಡೆ ಇದೆ, ಗೀಸರ್ ಪ್ರಶ್ನೆ ಇಲ್ಲ. ಎಲ್ಲಾ ಸೇರಿ 400-450 ವ್ಯಾಟ್. ಮಿಕ್ಸಿ ಒಂದು 750 ಅಂದ್ಕೊಳ್ಳಿ, ಐದು ನಿಮಿಷದ ಕೆಲಸ, ಅದನ್ನ ತಿರುಗಿಸುವಾಗ ಟೀವಿ ಬಂದ್ ಮಾಡಿದ್ರೆ ಪ್ರಪಂಚ ಮುಳುಗಲ್ಲ. ಅಂದ್ರೆ ಎರಡು ಕೆವಿಎ ಸೆಟ್ಟಲ್ಲಿ ಈ ಮನೆ ಆರಾಮಾಗಿ ನಡೆಯುತ್ತೆ. ಕೆವಿಎನ ಸುಮಾರಾಗಿ 0.8ರಿಂದ ಗುಣಿಸಿದ್ರೆ ಕಿಲೋವ್ಯಾಟ್, ಎರಡು ಕೆವಿಎ ಅಂದ್ರೆ 1600 ವ್ಯಾಟ್ ಸಿಗುತ್ತೆ. ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿರೋದನ್ನ ನಂಬಬೇಡಿ, ಅದು ಮ್ಯಾಕ್ಸಿಮಮ್, ಸ್ವಲ್ಪ ಹೊತ್ತಿಗೆ ಮಾತ್ರ ಕೊಡೋದು, ಮಷಿನ್ ಮೇಲಿನ ಪ್ಲೇಟಲ್ಲಿ ರೇಟೆಡ್ ಅಂತ ಚಿಕ್ಕದಾಗಿ ಇರುತ್ತೆ, ಅದು ಲೆಕ್ಕ. ವೈಂಡಿಂಗ್ ತಾಮ್ರದ್ದಾ ಅಲ್ಯುಮಿನಿಯಂದಾ ಅಂತನೂ ಕೇಳಿ, ಬಿಲ್ಲಿನ ಮೇಲೆ ಬರೆಸ್ಕೊಳ್ಳಿ. ಅಗ್ಗದ ಸೆಟ್ಟಲ್ಲಿ ಅಲ್ಯುಮಿನಿಯಂ ಹಾಕಿರ್ತಾರೆ, ಲೋಡ್ ಸ್ವಲ್ಪ ಜಾಸ್ತಿ ಆದ್ರೆ ಬೇಗ ಕಾಯುತ್ತೆ, ಸುಟ್ಟ ಮೇಲೆ ಸುತ್ತೋಕೆ ಕೊಟ್ರೆ ಕೆಲಸಕ್ಕೆ ಬರೋ ಖರ್ಚಲ್ಲ.

ಎಲ್ಲಾ ತಾಪತ್ರಯ ಬರೋದು ಪಂಪಿಂದ. ಒಂದು ಎಚ್‌ಪಿ ಮೋಟಾರು ಓಡುವಾಗ ಒಂದು ಸಾವಿರ ಚಿಲ್ಲರೆ ವ್ಯಾಟ್ ಎಳೆಯೋದು, ಸ್ಟಾರ್ಟ್ ಆಗೋ ಆ ಒಂದೆರಡು ಕ್ಷಣದಲ್ಲಿ ಕರೆಂಟನ್ನ ಐದಾರು ಪಟ್ಟು ಎಳೆಯುತ್ತೆ. ಎರಡು ಕೆವಿಎ ಸೆಟ್ಟಿಗೆ ಅದನ್ನ ಹಾಕಿದ್ರೆ ಇಂಜಿನ್ ಗುರ್ ಅಂತ ಕುಸಿದು ವೋಲ್ಟೇಜ್ ಬಿದ್ದು ಮೋಟಾರು ತಿರುಗದೆ ಹಂಗೇ ನಿಂತು ಗುಂಯ್ ಅನ್ನುತ್ತೆ, ಅಷ್ಟರಲ್ಲಿ ಬಂದ್ ಮಾಡಿಲ್ಲ ಅಂದ್ರೆ ಮೋಟಾರು ನನ್ನ ಅಂಗಡಿಗೆ. ಹಾಗಾಗಿ ಪಂಪ್ ಓಡಿಸ್ಲೇಬೇಕು ಅಂದ್ರೆ ಒಂದು ಎಚ್‌ಪಿಗೆ ಕನಿಷ್ಠ ಮೂರು ಕೆವಿಎ, ಒಂದೂವರೆಗೆ ಐದು ಅಂತ ಇಟ್ಕೊಳ್ಳಿ, ಮೊದಲು ಪಂಪ್ ಹಾಕಿ ಅದು ಓಡಿದ ಮೇಲೆ ಫ್ರಿಜ್ ಹಾಕಿ, ಎಲ್ಲಾ ಒಟ್ಟಿಗೆ ಬೇಡ. ತೋಟದ ಐದು ಎಚ್‌ಪಿ ಮೂರು ಫೇಸ್ ಪಂಪಿನ ಆಸೆ ಬಿಡಿ, ಅದಕ್ಕೆ ಹದಿನೈದು ಕೆವಿಎ ಡೀಸೆಲ್ ಸೆಟ್ ಬೇಕಾಗುತ್ತೆ, ಮಳೆಗಾಲದಲ್ಲಿ ತೋಟಕ್ಕೆ ನೀರು ಬಿಡೋಕೆ ಯಾರಿಗೂ ತಲೆ ಕೆಟ್ಟಿಲ್ಲ. ಅಡಿಕೆ ಸುಲಿಯೋ ಮಷಿನ್ ಓಡ್ಬೇಕು ಅಂತ ಕೆಲವರು ದೊಡ್ಡದು ಕೇಳ್ತಾರೆ. ಸುಲಿಯೋದು ಕೊಯ್ಲಲ್ಲಿ, ಆಗ ಮಳೆ ಮುಗಿದು ಕರೆಂಟ್ ಸುಮಾರಾಗಿ ಇರುತ್ತೆ, ಅದಕ್ಕೋಸ್ಕರ ವರ್ಷವಿಡೀ ದೊಡ್ಡ ಇಂಜಿನ್ ಸಾಕೋದು ಲೆಕ್ಕಕ್ಕೆ ಬರಲ್ಲ. ಇನ್ನು ಗುಡ್ಡದ ಮೇಲಿಂದ ಅಬ್ಬಿ ನೀರು ಪೈಪಲ್ಲಿ ತಾನಾಗೇ ಬರೋ ಮನೆಯೋರು ಪುಣ್ಯವಂತರು, ಅವರಿಗೆ ಪಂಪೇ ಬೇಡ, ಆದ್ರೂ ನೋಡಿ ಅಂಥವರೂ ಐದು ಕೆವಿಎ ತಂದಿಟ್ಟಿರ್ತಾರೆ.

ದೊಡ್ಡದಿದ್ರೆ ಒಳ್ಳೇದಲ್ವಾ ಅಂತ ಕೇಳ್ತಾರೆ. ಅಲ್ಲ. ಮೂರು ಸಾವಿರ ಸುತ್ತಲ್ಲಿ ತಿರುಗ್ಲೇಬೇಕಾದ ಇಂಜಿನ್ ಅದು, 50 ಹರ್ಟ್ಸ್ ಬರೋಕೆ ಅಷ್ಟು ಬೇಕೇಬೇಕು, ನೀವು ನಾಲ್ಕು ಬಲ್ಬ್ ಹಚ್ಚಿದ್ರೂ ಅಷ್ಟೇ ತಿರುಗುತ್ತೆ, ಖಾಲಿ ಬಸ್ಸು ಒಬ್ಬ ಪ್ಯಾಸೆಂಜರನ್ನ ಹಾಕ್ಕೊಂಡು ಶಿವಮೊಗ್ಗಕ್ಕೆ ಹೋದ ಹಂಗೆ. ಐದು ಕೆವಿಎ ಪೆಟ್ರೋಲ್ ಸೆಟ್ಟು ಕಮ್ಮಿ ಲೋಡಲ್ಲೂ ಗಂಟೆಗೆ ಒಂದು ಲೀಟರ್ ಕುಡಿಯುತ್ತೆ, ಎರಡು ಕೆವಿಎ ಆದ್ರೆ ಅರ್ಧ ಲೀಟರ್, ಮುಕ್ಕಾಲು ಲೀಟರಲ್ಲಿ ಮುಗಿಯುತ್ತೆ. ಪೆಟ್ರೋಲ್ ನೂರು ದಾಟಿದೆ. ಒಳ್ಳೆ ಲೋಡಲ್ಲಿ ಓಡಿಸಿದ್ರೂ ಒಂದು ಲೀಟರಿಂದ ಎರಡು ಯೂನಿಟ್ ಬಂದ್ರೆ ಹೆಚ್ಚು, ಅಂದ್ರೆ ಯೂನಿಟ್ಟಿಗೆ ಐವತ್ತು ರೂಪಾಯಿ ಮೇಲೆ ಬಿತ್ತು. ಡೀಸೆಲ್ ಸೆಟ್ ಸ್ವಲ್ಪ ಮಿತವ್ಯಯ, ಇಂಜಿನ್ ಬಾಳಿಕೆನೂ ಜಾಸ್ತಿ, ಆದ್ರೆ ಅದೂ ಲೋಡಿಲ್ಲದೆ ಓಡಿಸಿದ್ರೆ ಎಣ್ಣೆ ಪೂರ್ತಿ ಉರಿಯದೆ ಸೈಲೆನ್ಸರಲ್ಲಿ ಮಸಿ ಕಟ್ಟಿ ಕಪ್ಪು ಜಿಡ್ಡು ಸೋರೋಕೆ ಶುರು ಆಗುತ್ತೆ. ಹೋಂಸ್ಟೇ ನಡೆಸೋರು, ಡೇರಿ ಇಟ್ಟೋರು ಡೀಸೆಲ್ ತಗೊಳ್ಳಿ, ಬರೀ ಮನೆಗೆ ಬೇಡ ಅಂತ ನನ್ನ ಅಭಿಪ್ರಾಯ. 2023ರ ಜುಲೈಯಿಂದ ಹೊಸ ಡೀಸೆಲ್ ಸೆಟ್ಟುಗಳಿಗೆ ಹೊಗೆ ನಿಯಮ ಬಿಗಿ ಆಗಿ ರೇಟೂ ಏರಿದೆ. ಇನ್ನು ಹಳೇದು, ಪೆಟ್ರೋಲಲ್ಲಿ ಸ್ಟಾರ್ಟ್ ಮಾಡಿ ಸೀಮೆಎಣ್ಣೆಗೆ ತಿರುಗಿಸೋ ಸೆಟ್ಟು ಸೆಕೆಂಡ್ ಹ್ಯಾಂಡಲ್ಲಿ ಅಗ್ಗಕ್ಕೆ ಬರುತ್ತೆ, ತಗೋಬೇಡಿ, ಸೀಮೆಎಣ್ಣೆ ಎಲ್ಲಿಂದ ತರ್ತೀರಿ ಈಗ.

ಇನ್ವರ್ಟರ್ ಜನರೇಟರ್ ಅಂತ ಒಂದು ಬರುತ್ತೆ, ಸೂಟ್‌ಕೇಸ್ ತರ ಇರುತ್ತೆ, ಲೋಡಿಗೆ ತಕ್ಕಂಗೆ ಇಂಜಿನ್ ಸ್ಪೀಡ್ ತಾನೇ ಇಳಿಸ್ಕೊಳ್ಳುತ್ತೆ, ಸದ್ದು ಕಮ್ಮಿ, ಪೆಟ್ರೋಲೂ ಕಮ್ಮಿ, ಲ್ಯಾಪ್‌ಟಾಪಿಗೆ ಟೀವಿಗೆ ಒಳ್ಳೆ ಕರೆಂಟು. ರೇಟ್ ಜಾಸ್ತಿ. ಮನೆಯಿಂದ ಆಫೀಸ್ ಕೆಲಸ ಮಾಡೋ ಮಕ್ಕಳು ಊರಿಗೆ ಬಂದಿದ್ರೆ, ಪಂಪಿನ ಹಂಗಿಲ್ಲ ಅಂದ್ರೆ, ದುಡ್ಡಿದ್ರೆ, ಇದೇ ಒಳ್ಳೇದು.

ಆದ್ರೆ ಜನರೇಟರನ್ನ ಇಡೀ ದಿನ ಓಡಿಸೋದು ಅನ್ನೋ ಯೋಚನೆನೇ ಬಿಡಬೇಕು. ಮನೇಲಿ ಈಗಾಗ್ಲೇ ಇನ್ವರ್ಟರ್ ಬ್ಯಾಟರಿ ಇದೆಯಲ್ಲ, 150 ಎಎಚ್ ಟ್ಯೂಬ್ಯುಲರ್, ಅದು ತುಂಬಿದ್ರೆ ಒಂದು ಯೂನಿಟ್ಟಿಗೆ ಸ್ವಲ್ಪ ಮೇಲೆ ಕರೆಂಟ್ ಕೊಡುತ್ತೆ. ಒಂದು ದಿನದ ಪವರ್ ಕಟ್ಟಿಗೆ ಅದು ಸಾಕು, ತಾಪತ್ರಯ ಎರಡನೇ ದಿನಕ್ಕೆ, ಚಾರ್ಜ್ ಮಾಡೋಕೆ ಕರೆಂಟೇ ಬಂದಿಲ್ಲ. ಅಲ್ಲಿ ಜನರೇಟರ್ ಕೆಲಸ. ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಓಡಿಸಿ. ಆ ಹೊತ್ತಲ್ಲೇ ಫ್ರಿಜ್ ತಣ್ಣಗಾಗ್ಲಿ, ದೋಸೆಗೆ ರುಬ್ಬೋದು, ಮಸಾಲೆ ಅರೆಯೋದು, ಟ್ಯಾಂಕ್ ತುಂಬ್ಸೋದು ಎಲ್ಲಾ ಆಗ್ಲಿ, ಜತೆಗೆ ಬ್ಯಾಟರಿಗೂ ಚಾರ್ಜ್ ಹೋಗ್ಲಿ. ನಾಲ್ಕು ಗಂಟೇಲಿ ಬ್ಯಾಟರಿ ಪೂರ್ತಿ ತುಂಬಲ್ಲ, ಮೂರನೇ ಒಂದು ಭಾಗದ ಮೇಲೆ ಸ್ವಲ್ಪ ತುಂಬುತ್ತೆ, ರಾತ್ರಿ ಐದಾರು ಬಲ್ಬು, ವೈಫೈ, ಫೋನ್ ಚಾರ್ಜಿಗೆ ಅಷ್ಟು ಬೇಕಾದಷ್ಟಾಯ್ತು. ಫ್ರಿಜ್ ಬಾಗಿಲು ತೆಗೆಯದೆ ಇದ್ರೆ ನಾಲ್ಕು ಗಂಟೆ ಒಳಗಿನ ಸಾಮಾನಿಗೆ ಎಂತ ಆಗಲ್ಲ, ಆಗಾಗ ತೆಗೆದು ನೋಡೋ ಅಭ್ಯಾಸ ಬಿಡ್ಬೇಕಷ್ಟೇ. ಒಂದು ಚಿಕ್ಕ ವಿಷ್ಯ, ಜನರೇಟರ್ ಹಾಕಿದ್ರೂ ಇನ್ವರ್ಟರ್ ಅದನ್ನ ತಗೊಳ್ಳಲ್ಲ, ಬ್ಯಾಟರಿ ಮೇಲೇ ಓಡ್ತಿರುತ್ತೆ ಅಂತ ತುಂಬ ಜನ ಬರ್ತಾರೆ. ಹೆಚ್ಚಿನ ಇನ್ವರ್ಟರ್ ಹಿಂದೆ ಒಂದು ಸ್ವಿಚ್ ಇರುತ್ತೆ, ಯುಪಿಎಸ್ ಮೋಡ್, ಇಕೋ ಮೋಡ್ ಅಂತ, ಯುಪಿಎಸ್ ಮೋಡಲ್ಲಿದ್ರೆ ವೋಲ್ಟೇಜ್ ಸ್ವಲ್ಪ ಆಚೀಚೆ ಆದ್ರೂ ಒಳಗೆ ಬಿಟ್ಕೊಳ್ಳಲ್ಲ, ಇಕೋಗೆ ತಿರುಗಿಸಿ ನೋಡಿ. ಮನೇಲಿ ಆಕ್ಸಿಜನ್ ಕಾನ್ಸಂಟ್ರೇಟರ್ ಇಟ್ಟಿರೋ ಪೇಷಂಟ್ ಇದ್ರೆ ಮಾತ್ರ ಈ ಲೆಕ್ಕ ಎಲ್ಲಾ ಬದಲಾಗುತ್ತೆ, ಅದು 300 ವ್ಯಾಟ್ ಮೇಲೆ ಹಗಲೂ ರಾತ್ರಿ ಎಳೆಯುತ್ತೆ, ಅಂಥವರು ಸಿಲಿಂಡರ್ ಒಂದು ತಯಾರಿಟ್ಕೊಂಡೇ ಜನರೇಟರ್ ಯೋಚನೆ ಮಾಡ್ಬೇಕು.

ಪೆಟ್ರೋಲ್ ಇಟ್ಕೊಳ್ಳೋದು ಇನ್ನೊಂದು. ಈಗ ಬರೋದು ಶೇಕಡ 20 ಎಥನಾಲ್ ಬೆರೆಸಿದ್ದು, ಎಥನಾಲು ಗಾಳಿಯ ತೇವ ಎಳ್ಕೊಳ್ಳುತ್ತೆ, ನಮ್ಮ ಮಳೆಗಾಲದಲ್ಲಿ ತೇವಕ್ಕೇನು ಬರಗಾಲವಾ. ಹೋದ ವರ್ಷದ ಪೆಟ್ರೋಲ್ ಟ್ಯಾಂಕಲ್ಲೇ ಬಿಟ್ಟು ಈ ವರ್ಷ ಹಗ್ಗ ಎಳೆದ್ರೆ ಸ್ಟಾರ್ಟ್ ಆಗಲ್ಲ, ಕಾರ್ಬೊರೇಟರಲ್ಲಿ ಅಂಟು ಕೂತಿರುತ್ತೆ. ಕಳೆ ಹೊಡೆಯೋ ಮಷಿನ್ನು, ಕೊಳೆ ಔಷಧಿ ಹೊಡೆಯೋ ಪಂಪು ಇಟ್ಕೊಂಡಿರೋರಿಗೆ ಇದು ಹೇಳೋದು ಬೇಡ, ಗೊತ್ತೇ ಇದೆ. ಪ್ರತಿ ಸಲ ನಿಲ್ಲಿಸುವಾಗ ಮೊದಲು ಮನೆ ಲೋಡೆಲ್ಲಾ ತೆಗೆದು ಆಮೇಲೆ ಪೆಟ್ರೋಲ್ ಕಾಕ್ ಬಂದ್ ಮಾಡಿ, ಇಂಜಿನ್ ತಾನಾಗೇ ನಿಲ್ಲೋವರೆಗೆ ಓಡ್ಲಿ, ಕಾರ್ಬೊರೇಟರ್ ಖಾಲಿ ಆಗುತ್ತೆ. ಲೋಡ್ ಇಟ್ಕೊಂಡೇ ಪೆಟ್ರೋಲ್ ಮುಗಿಸಿದ್ರೆ ವೋಲ್ಟೇಜ್ ಏರಿಳಿದು ಫ್ರಿಜ್ ಕಂಪ್ರೆಸರಿಗೆ ಹೊಡೆತ. ಬಿಸಿ ಇಂಜಿನ್ನಿಗೆ ಪೆಟ್ರೋಲ್ ಹಾಕ್ಬೇಡಿ. ಸ್ವಂತಕ್ಕೆ 30 ಲೀಟರ್ ತನಕ ಲೈಸೆನ್ಸ್ ಇಲ್ಲದೆ ಇಟ್ಕೊಳ್ಳೋಕೆ ಕಾನೂನಿದೆ, ಆದ್ರೆ ಅಷ್ಟು ಇಡ್ಬೇಡಿ, ಹತ್ತು ಲೀಟರ್ ಕಬ್ಬಿಣದ ಕ್ಯಾನಲ್ಲಿ, ಒಲೆ ಇರೋ ಕಡೆಯಿಂದ ದೂರ.

ಎಲ್ಲಿ ಇಡ್ಬೇಕು ಅನ್ನೋದನ್ನ ಮಾತ್ರ ದಯವಿಟ್ಟು ಗಮನ ಕೊಟ್ಟು ಓದಿ. ನಮ್ಮ ಕಡೆ ಮಳೆಗಾಲಕ್ಕೆ ಜಗಲಿ ಸುತ್ತ ಸೋಗೆ ಕಟ್ತೀವಿ, ಈಗ ಪ್ಲಾಸ್ಟಿಕ್ ಶೀಟ್ ಕಟ್ತೀವಿ, ಎರಚಲು ಬರಬಾರ್ದು ಅಂತ. ಜನರೇಟರ್ ನೆನೆಯುತ್ತೆ ಅಂತ ಅದನ್ನ ತಂದು ಆ ಜಗಲಿ ಮೇಲೇ, ಇಲ್ಲಾ ಕೊಟ್ಟಿಗೇಲಿ, ಇಲ್ಲಾ ಹಿತ್ಲಕಡೆ ಸೌದೆ ಮನೇಲಿ ಇಡ್ತಾರೆ. ಅದರ ಹೊಗೇಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತೆ, ಬಣ್ಣ ಇಲ್ಲ ವಾಸನೆ ಇಲ್ಲ, ತಲೆನೋವು, ವಾಕರಿಕೆ ಅನ್ನೋ ಅಷ್ಟರಲ್ಲಿ ಎದ್ದು ಹೋಗೋಕೆ ಶಕ್ತಿನೇ ಇರಲ್ಲ, ಮಲಗಿದ್ದೋರು ಮಲಗಿದ್ದಂಗೇ ಹೋಗ್ತಾರೆ. ಕಿಟಕಿ ತೆಗೆದಿಟ್ಟಿದೀವಿ ಅಂದ್ರೆ ಸಾಕಾಗಲ್ಲ. ಮನೆಯಿಂದ ಇಪ್ಪತ್ತು ಅಡಿ ದೂರ, ನಾಲ್ಕೂ ಕಡೆ ತೆರೆದಿರೋ ಒಂದು ಚಿಕ್ಕ ಮಾಡು, ಮೇಲೆ ತಗಡು, ಕೆಳಗೆ ನೀರು ನಿಲ್ಲದ ಹಾಗೆ ಒಂದು ಕಟ್ಟೆ, ಸೈಲೆನ್ಸರ್ ಬಾಯಿ ಮನೆಗೆ ವಿರುದ್ಧ ದಿಕ್ಕಿಗೆ. ಅಷ್ಟು ದೂರ ಕೇಬಲ್ ಎಳೆಯೋ ಖರ್ಚು ಜನರೇಟರ್ ಜತೆಗೇ ಲೆಕ್ಕ ಹಾಕ್ಕೊಳ್ಳಿ.

ಇನ್ನು ನಾನು ಈ ಪತ್ರ ಬರೆಯೋಕೆ ಕೂತ ವಿಷ್ಯ. ಜನರೇಟರಲ್ಲಿ ಪ್ಲಗ್ ಸಾಕೆಟ್ ಇರುತ್ತೆ, ಮನೆ ಗೋಡೆ ಮೇಲೂ ಸಾಕೆಟ್ ಇರುತ್ತೆ. ಎರಡೂ ಕಡೆ ಪ್ಲಗ್ ಹಾಕಿದ ಒಂದು ವೈರ್ ಮಾಡಿ, ಒಂದು ತುದಿ ಜನರೇಟರಿಗೆ, ಇನ್ನೊಂದು ತುದಿ ಗೋಡೆಗೆ ಚುಚ್ಚಿದ್ರೆ ಇಡೀ ಮನೆಗೆ ಕರೆಂಟ್ ಬರುತ್ತೆ. ಐವತ್ತು ರೂಪಾಯಿಯ ಉಪಾಯ. ನನ್ನ ಅಂಗಡಿಗೇ ಬಂದು ಇಂಥ ವೈರ್ ಮಾಡ್ಕೊಡಿ ಅಂತ ಕೇಳ್ತಾರೆ, ಒಳ್ಳೆ ಓದಿದೋರೇ. ಆ ವೈರಿನ ಒಂದು ತುದಿ ಸಾಕೆಟ್ಟಿಂದ ಕಳಚಿ ಬಂದ್ರೆ ಪಿನ್ನು ಬರಿಗೈಗೆ ಸಿಗೋ ಹಾಗೆ 230 ವೋಲ್ಟ್ ಇಟ್ಕೊಂಡು ನೆಲದ ಮೇಲೆ ಬಿದ್ದಿರುತ್ತೆ, ಅದು ಮನೆಯೋರಿಗೆ. ಅದಕ್ಕಿಂತ ದೊಡ್ಡದು ಏನು ಅಂದ್ರೆ ಮೇನ್ ಸ್ವಿಚ್ ಬಂದ್ ಮಾಡೋದು ಮರೆತ್ರೆ ನಿಮ್ಮ ಮನೆ ಕರೆಂಟು ಮೀಟರ್ ದಾಟಿ ಕಂಬಕ್ಕೆ ಹೋಗುತ್ತೆ, ಕಂಬದಿಂದ ಟಿಸಿಗೆ, ಅಂದ್ರೆ ಟ್ರಾನ್ಸ್‌ಫಾರ್ಮರಿಗೆ ಹೋಗುತ್ತೆ. ಟಿಸಿ ಅನ್ನೋದು ಆ ಕಡೆಯಿಂದ ಈ ಕಡೆಗೆ 11 ಸಾವಿರ ವೋಲ್ಟನ್ನ ಇಳಿಸುತ್ತೆ, ಈ ಕಡೆಯಿಂದ ಕರೆಂಟ್ ಕೊಟ್ರೆ ಅದೇ ಲೆಕ್ಕದಲ್ಲಿ ಏರಿಸುತ್ತೆ, ಅದಕ್ಕೆ ಯಾವ ಕಡೆ ಅಂತ ಭೇದ ಇಲ್ಲ. ಅಲ್ಲಿ ಎರಡು ಫರ್ಲಾಂಗ್ ಆಚೆ ಪವರ್‌ಮ್ಯಾನ್ ಒಬ್ಬ, ಲೈನ್ ಕ್ಲಿಯರ್ ಅಂದ್ರೆ ಲೈನ್ ಬಂದ್ ಮಾಡಿ ಕೆಲಸ ಮಾಡೋ ಅನುಮತಿ ತಗೊಂಡು, ಜಿಓಎಸ್ ಅನ್ನೋ ಕಂಬದ ಮೇಲಿನ ಸ್ವಿಚ್ ತೆಗೆದು, ಇನ್ನು ಲೈನಲ್ಲಿ ಕರೆಂಟಿಲ್ಲ ಅಂತ ನಂಬ್ಕೊಂಡು, ಮಳೇಲಿ ಕಂಬ ಹತ್ತಿರ್ತಾನೆ. ನಿಮ್ಮದೇ ಊರಿಗೆ ಕರೆಂಟ್ ಕೊಡೋಕೆ.

ಅಯ್ಯೋ ಅಷ್ಟು ಚಿಕ್ಕ ಜನರೇಟರ್, ಎಲ್ಲರ ಮನೆ ಲೋಡ್ ಬಿದ್ರೆ ಟ್ರಿಪ್ ಆಗುತ್ತೆ ಬಿಡಿ ಅಂತ ವಾದ ಮಾಡೋರಿದ್ದಾರೆ. ಎಷ್ಟೋ ಸಲ ಆಗುತ್ತೆ, ನಿಜ. ಆದ್ರೆ ನಿಮ್ಮ ಮನೆ ಪಕ್ಕದ ಕಂಬದಿಂದಲೇ ತಂತಿ ಹರಿದಿದ್ರೆ? ಒಂಟಿ ಮನೆ, ಆ ತಂತಿ ಮೇಲೆ ಬೇರೆ ಲೋಡೇ ಇಲ್ಲ, ಟ್ರಿಪ್ ಆಗೋದು ಎಲ್ಲಿಂದ. 11 ಸಾವಿರದ ಮಾತು ಬೇಡ, ಮನೆಗೆ ಬರೋ ಎಲ್‌ಟಿ ತಂತಿಯ 230 ವೋಲ್ಟ್ ಸಾಕು, ನೆನೆದ ಮೈಗೆ, ಕಂಬದ ಮೇಲೆ. ಪವರ್‌ಮ್ಯಾನ್ ಲೈನಿಗೆ ಅರ್ತ್ ರಾಡ್ ಹಾಕ್ಕೊಂಡೇ ಕೆಲಸ ಮಾಡ್ಬೇಕು ಅಂತ ನಿಯಮ ಇದೆ, ಇರ್ಲಿ, ಅವನು ಮರೆತ್ರೆ ಸಾಯ್ಲಿ ಅಂತ ನಾವು ಹೇಳೋಕಾಗಲ್ಲವಲ್ಲ. ಮೇನ್ ಸ್ವಿಚ್ ತೆಗೀತೀವಿ ನಾವು ಮರೆಯಲ್ಲ ಅನ್ನೋರಿಗೆ ಒಂದೇ ಮಾತು, ನೀವು ಮರೆಯಲ್ಲ, ಬೀದಿ ದೀಪ ಬಂತು ಅಂತ ನೋಡಿ ಮೇನ್ ಹಾಕೋ ಮೊಮ್ಮಗ ಇದಾನಲ್ಲ. ಆಗ ಎರಡೂ ಕರೆಂಟ್ ಡಿಕ್ಕಿ ಹೊಡೆದು ಜನರೇಟರ್ ವೈಂಡಿಂಗೇ ಕರಗಿ ಹೋಗುತ್ತೆ.

ಇದಕ್ಕೆಲ್ಲಾ ಇರೋದು ಒಂದು ಚೇಂಜ್ ಓವರ್ ಸ್ವಿಚ್. ಹಿಡಿ ಮೇಲಕ್ಕಿದ್ರೆ ಲೈನ್, ಮಧ್ಯ ಬಂದ್, ಕೆಳಗಿದ್ರೆ ಜನರೇಟರ್, ಎರಡೂ ಒಟ್ಟಿಗೆ ಸೇರೋಕೆ ಸಾಧ್ಯನೇ ಇಲ್ಲ, ಯಾರು ಮರೆತ್ರೂ. ಸಿಂಗಲ್ ಫೇಸ್ ಮನೆಗೆ ಎರಡು ಪೋಲಿಂದು ಹಾಕ್ಬೇಕು, ಅಂದ್ರೆ ಫೇಸ್ ನ್ಯೂಟ್ರಲ್ ಎರಡೂ ಕತ್ತರಿಸೋದು, ಮೂರು ಫೇಸಿಗೆ ನಾಲ್ಕು ಪೋಲಿಂದು. ನ್ಯೂಟ್ರಲ್ ಹಂಗೇ ಇರ್ಲಿ ಅಂತ ಬಿಡೋ ಎಲೆಕ್ಟ್ರಿಷಿಯನ್ ಇದಾರೆ, ಒಪ್ಕೋಬೇಡಿ. ಜನರೇಟರ್ ಬಾಡಿಗೆ ಸರಿಯಾದ ಅರ್ತಿಂಗ್ ಬೇಕು. ಚಿಕ್ಕ ಸೆಟ್ಟುಗಳಲ್ಲಿ ಹೆಚ್ಚಾಗಿ ನ್ಯೂಟ್ರಲ್ ಅರ್ತಿಗೆ ಸೇರಿರಲ್ಲ, ಹಾಗಿದ್ರೆ ಮನೆಯ ಇಎಲ್‌ಸಿಬಿ (ಕರೆಂಟ್ ಸೋರಿದ್ರೆ ತಾನಾಗೇ ಬಂದ್ ಮಾಡೋ ಸ್ವಿಚ್) ಜನರೇಟರ್ ಮೇಲೆ ಓಡುವಾಗ ಕೆಲಸನೇ ಮಾಡದೆ ಇರಬಹುದು, ಇದನ್ನ ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ ನೋಡಿ ಸರಿ ಮಾಡ್ಬೇಕು, ಪಕ್ಕದ ಮನೆ ಹುಡುಗ ಅಲ್ಲ. ಸ್ವಿಚ್ಚಿಗೆ ಒಂದೆರಡು ಸಾವಿರ, ಕೂಲಿ ಬೇರೆ. ಜನರೇಟರಿಗೆ ಅರ್ಧ ಲಕ್ಷ ಹಾಕೋರು ಇಲ್ಲಿ ಚೌಕಾಸಿ ಮಾಡ್ತಾರೆ.

ಸೋಲಾರ್ ಹಾಕ್ಸಿದೀವಿ ನಮಗೆ ಇದ್ಯಾವುದೂ ಬೇಡ ಅನ್ನೋರೂ ಇದಾರೆ. 2024ರಲ್ಲಿ ಬಂತಲ್ಲ ಪಿಎಂ ಸೂರ್ಯಘರ್ ಯೋಜನೆ, ಮೂರು ಕಿಲೋವ್ಯಾಟಿಗೆ 78 ಸಾವಿರ ಸಬ್ಸಿಡಿ, ಅದರಲ್ಲಿ ಹಾಕ್ಸೋದು ಹೆಚ್ಚಿನದು ಆನ್‌ಗ್ರಿಡ್, ಅಂದ್ರೆ ಬ್ಯಾಟರಿ ಇಲ್ಲದೆ ನೇರ ಲೈನಿಗೇ ಸೇರಿಸಿದ್ದು. ಲೈನಲ್ಲಿ ಕರೆಂಟ್ ಹೋದ್ರೆ ಅದೂ ಹೋಗುತ್ತೆ, ಬಿಸಿಲು ಎಷ್ಟೇ ಇದ್ರೂ. ಇದು ಗೊತ್ತಿಲ್ಲದೆ ಹಾಕ್ಸಿ ಆಮೇಲೆ ಮೋಸ ಆಯ್ತು ಅಂತ ಬೈಕೊಳ್ಳೋರನ್ನ ನೋಡಿದೀನಿ. ಆದ್ರೆ ಅದು ಯಾಕೆ ಬಂದ್ ಆಗುತ್ತೆ ಗೊತ್ತಾ, ಮುಖ್ಯವಾಗಿ ಕಂಬದ ಮೇಲಿರೋ ಮನುಷ್ಯನಿಗೆ ಕರೆಂಟ್ ಹೊಡೀಬಾರ್ದು ಅಂತಲೇ ಅದನ್ನ ಹಾಗೆ ಮಾಡಿರೋದು. ಸೋಲಾರ್ ಹಾಕ್ಸೋಕೆ ಅರ್ಜಿ, ಇನ್ಸ್‌ಪೆಕ್ಷನ್, ಮೀಟರ್ ಬದಲಿ, ಸಹಿ, ಇಷ್ಟೆಲ್ಲಾ ಇದೆ. ಅದೇ ಮನೆಗೆ ಅದೇ ಲೈನಿಗೆ ಕರೆಂಟ್ ನೂಕಬಲ್ಲ ಜನರೇಟರ್ ತರೋಕೆ ಏನೂ ಇಲ್ಲ, ಅಂಗಡಿಗೆ ಹೋಗಿ ದುಡ್ಡು ಕೊಟ್ಟು ತಂದ್ರೆ ಆಯ್ತು. ಇದು ನನಗೆ ಸರಿ ಕಾಣ್ತಿಲ್ಲ.

ಹಾಗಂತ ದೊಡ್ಡ ದೊಡ್ಡ ಫಾರಂ ತುಂಬಿ ಅನ್ನೋ ಕಾನೂನು ಬೇಡ. ನಂದು ಚಿಕ್ಕ ಸಲಹೆ, ವಿದ್ಯುತ್ ಕಂಪನಿಯೋರು ಓದ್ಲಿ. ಪ್ರತಿ ತಿಂಗಳು ಮೀಟರ್ ರೀಡರ್ ಮನೆಮನೆಗೆ ಬರ್ತಾನೆ. ಏಪ್ರಿಲ್ ಮೇ ತಿಂಗಳಲ್ಲಿ ಅವನ ಕೈಲಿ ಒಂದೇ ಒಂದು ಪ್ರಶ್ನೆ ಕೇಳಿಸಿ, ಜನರೇಟರ್ ಇದೆಯಾ, ಇದ್ರೆ ಚೇಂಜ್ ಓವರ್ ಇದೆಯಾ. ಆರ್‌ಆರ್ ನಂಬರ್ ಎದುರಿಗೆ ಒಂದು ಗುರುತು ಹಾಕ್ಲಿ. ಆ ಪಟ್ಟಿ ಟಿಸಿ ಪ್ರಕಾರ ಆ ಸೆಕ್ಷನ್ ಆಫೀಸಲ್ಲಿ ಇದ್ರೆ, ಲೈನ್ ಕೆಲಸಕ್ಕೆ ಹೋಗೋ ಪವರ್‌ಮ್ಯಾನಿಗೆ ಈ ಟಿಸಿ ಕೆಳಗೆ ಯಾರ್ಯಾರ ಮನೇಲಿ ಜನರೇಟರ್ ಇದೆ ಅಂತ ಮೊದಲೇ ಗೊತ್ತಿರುತ್ತೆ, ಫೋನ್ ಹಚ್ಚಿ ಬಂದ್ ಮಾಡ್ಸಬಹುದು, ಇಲ್ಲಾ ಆ ಮನೆಯ ಫ್ಯೂಸ್ ಕಂಬದಲ್ಲೇ ತೆಗೀಬಹುದು. ಜನ ಯಾಕೆ ಹೇಳಲ್ಲ ಅಂದ್ರೆ ಹೇಳಿದ್ರೆ ದಂಡ ಹಾಕ್ತಾರೆ, ಗೃಹಜ್ಯೋತಿ ಕಟ್ ಮಾಡ್ತಾರೆ ಅಂತ ಹೆದರಿಕೆ. ದಂಡ ಇಲ್ಲ ಅಂತ ಜನಸಂಪರ್ಕ ಸಭೇಲಿ ಬಾಯಿಬಿಟ್ಟು ಹೇಳಿ, ಗ್ರಾಮ ಪಂಚಾಯ್ತಿ ಬೋರ್ಡಲ್ಲಿ ಬರೆದು ಹಾಕಿ. ಜನರೇಟರ್ ಮಾರೋ ಅಂಗಡಿಯೋರೂ ಒಂದು ಮಾಡಬಹುದು, ಚೇಂಜ್ ಓವರ್ ಸ್ವಿಚ್ ಜತೆಗೇ ಸೇರಿಸಿ ಒಂದೇ ಬಿಲ್ ಮಾಡಿ, ಬೇರೆ ತಗೊಳ್ಳಿ ಅಂದ್ರೆ ಯಾರೂ ತಗೊಳ್ಳಲ್ಲ. ಹಳ್ಳದ ನೀರಿಗೆ ಚಿಕ್ಕ ಟರ್ಬೈನ್ ಇಟ್ಟು ಕರೆಂಟ್ ಮಾಡ್ಕೊಂಡಿರೋ ಮನೆಗಳು ಮಲೆನಾಡಲ್ಲಿ ಇವೆ, ಮಳೆಗಾಲಕ್ಕೆ ಅದಕ್ಕಿಂತ ಒಳ್ಳೇದು ಇಲ್ಲ, ಅವರೂ ಆ ಕರೆಂಟನ್ನ ಮನೆ ವೈರಿಂಗಿಗೇ ಸೇರಿಸಿದ್ರೆ ಇದೇ ಸ್ವಿಚ್ ಹಾಕ್ಬೇಕು, ಅವರನ್ನೂ ಆ ಪಟ್ಟೀಲಿ ಸೇರಿಸಿ.

ಪತ್ರ ಉದ್ದ ಆಯ್ತು, ಜಾಗ ಇರಲ್ಲ ಅಂತ ಗೊತ್ತು. ಕತ್ತರಿಸೋದಾದ್ರೆ ಕೆವಿಎ ಲೆಕ್ಕ, ಪೆಟ್ರೋಲ್ ಲೆಕ್ಕ, ಜೋಗದ ಗೋಳು ಎಲ್ಲಾ ಕತ್ತರಿಸಿ, ಬೇಜಾರಿಲ್ಲ. ಎರಡೂ ಕಡೆ ಪ್ಲಗ್ ಇರೋ ವೈರಿನ ವಿಷ್ಯ, ಜಗಲಿ ಮೇಲೆ ಜನರೇಟರ್ ಇಡೋ ವಿಷ್ಯ, ಮೀಟರ್ ರೀಡರ್ ಪಟ್ಟಿ, ಈ ಮೂರು ಮಾತ್ರ ಬಿಡ್ಬೇಡಿ, ಸಾಧ್ಯ ಆದ್ರೆ ಆರಿದ್ರೆ ಮಳೆ ಹಿಡಿಯೋದ್ರೊಳಗೆ ಹಾಕಿ.

ಇಂತಿ,
ಒಬ್ಬ ಓದುಗ,
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ